ಲಗ್ನಪತ್ರಿಕೆಯ ಓರೆ ಅಕ್ಷರ

ಕಾಚಿಗೂಡ ಸ್ಟೇಷನ್ ಹತ್ತಿರದ ಗಲ್ಲಿಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಪುಟ್ಟ ಪ್ರೆಸ್ ಇತ್ತು. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದ ನಾನು ಅಲ್ಲಿ ಕಂಪ್ಯೂಟರಿನ ಕೆಲಸಕ್ಕೆ ಸೇರಿದೆ. ತೆಲುಗು, ಹಿಂದಿಗೆ ಬೇರೆಯವರಿದ್ದರು. ಬೀದರ್, ಕಲಬುರಗಿ ಕಡೆಯ ಮನೆಗಳ ಕನ್ನಡ ಪತ್ರಿಕೆಗಳೆಲ್ಲ ನನ್ನ ಪಾಲಿಗೆ ಬರುತ್ತಿದ್ದವು.

ನಮ್ಮಲ್ಲಿದ್ದ ಕನ್ನಡ ಫಾಂಟುಗಳು ನಾಲ್ಕೈದೇ. ಅವುಗಳಲ್ಲಿ ಒಂದರ ಮೇಲೆ ನನಗೆ ವಿಶೇಷ ಪ್ರೀತಿ. ಸಪೂರ ಮೈ, ಬಲಕ್ಕೆ ವಾಲಿದ ನಿಲುವು, ಬಸ್ಸು ಹಿಡಿಯಲು ಹೊರಟವರ ಅವಸರ. ನಮ್ಮ ಗುಂಡು ಅಕ್ಷರಗಳನ್ನು ಎರಡೂ ಬದಿಯಿಂದ ಒತ್ತಿದರೆ ಸಾಮಾನ್ಯವಾಗಿ ಅಂದಗೆಡುತ್ತವೆ, ಇದರಲ್ಲಿ ಹಾಗಾಗಿರಲಿಲ್ಲ. ದೊಡ್ಡದಾಗಿ ಇಟ್ಟರೆ ವಧೂವರರ ಹೆಸರು ಎದ್ದು ಕಾಣುತ್ತಿತ್ತು. ಚಿಕ್ಕದು ಮಾಡಿದರೆ ಒತ್ತಕ್ಷರಗಳು ಒಂದಕ್ಕೊಂದು ತಾಗಿ ಓದಲು ಬರುತ್ತಿರಲಿಲ್ಲ. ವಿಳಾಸಕ್ಕೂ ಮುಹೂರ್ತಕ್ಕೂ ಅದನ್ನು ಬಳಸಬಾರದೆಂದು ಮಾಲೀಕರು ಮೊದಲ ದಿನವೇ ಹೇಳಿದ್ದರು.

ಒಂದು ಬೇಸಿಗೆಯಲ್ಲಿ ಕೂಕಟ್‌ಪಲ್ಲಿಯಿಂದ ಒಬ್ಬ ಹುಡುಗಿ ದೊಡ್ಡಪ್ಪನ ಜೊತೆ ಬಂದಳು. ಮದುವೆ ಅವಳದ್ದೇ. ತಂದೆ ಇರಲಿಲ್ಲ. ದೊಡ್ಡಪ್ಪ ಬರೆದು ತಂದ ಕಾಗದದಲ್ಲಿ ದಿವಂಗತ ತಂದೆಯ ಹೆಸರಿತ್ತು, ಕಾಕಾ, ಮಾಮಾಗಳೆಲ್ಲರ ಹೆಸರಿತ್ತು, ತಾಯಿಯದು ಇರಲಿಲ್ಲ. ಅದನ್ನೂ ಹಾಕಬಹುದೇ ಎಂದು ಹುಡುಗಿ ಮೆಲ್ಲಗೆ ಕೇಳಿದಳು. ಜಾಗ ಎಲ್ಲಿದೆ ಎಂದು ದೊಡ್ಡಪ್ಪ ಪರದೆಯತ್ತ ಕೈ ತೋರಿಸಿದರು. ಅದೂ ಸುಳ್ಳಲ್ಲ. ಅವಳ ಹೆಸರು, ಮನೆತನದ ಹೆಸರು ಎರಡೂ ಉದ್ದ; ಗುಂಡು ಅಕ್ಷರದಲ್ಲಿ ಎರಡು ಸಾಲು ಹಿಡಿದಿದ್ದವು. ಹುಡುಗಿ ತಲೆ ತಗ್ಗಿಸಿದಳು.

ನಾನು ಯಾರನ್ನೂ ಕೇಳದೆ ಅವಳ ಹೆಸರನ್ನು ಆ ಸಪೂರ ಓರೆ ಅಕ್ಷರಕ್ಕೆ ಬದಲಿಸಿದೆ. ಅದು ಒಂದೇ ಸಾಲಿಗೆ ಬಂತು. ಮೇಲೆ ಒಂದು ಸಾಲು ಖಾಲಿ ಉಳಿಯಿತು. ಹಿರಿಯರು ಬೈಯುತ್ತಾರೆ ಎಂದುಕೊಂಡೇ ಪರದೆಯನ್ನು ಅವರತ್ತ ತಿರುಗಿಸಿದೆ.

ದೊಡ್ಡಪ್ಪ ಆ ಖಾಲಿ ಸಾಲನ್ನು ನೋಡಿದರು. "ಜಾಗದ ಮಾತಲ್ಲ, ಯವ್ವಾ," ಎಂದರು ನನಗೆ. "ಗಂಡ ಇಲ್ಲದವರ ಹೆಸರು ನಮ್ಮ ಮನ್ಯಾಗ ಯಾರೂ ಹಾಕಿಲ್ಲ. ಹೆಂಗ ಹಾಕಬೇಕು ಅನ್ನೂದು ನನಗ ತಿಳೀಲಿಲ್ಲ."

ಆಮೇಲೆ ಜೇಬಿನಿಂದ ಪೆನ್ನು ತೆಗೆದು, ತಂದಿದ್ದ ಕಾಗದದಲ್ಲಿ ತಂದೆಯ ಹೆಸರಿನ ಕೆಳಗೆ ತಾಯಿಯ ಹೆಸರನ್ನು ತಾವೇ ಬರೆದು ಕೊಟ್ಟರು. ದೀರ್ಘ ತಪ್ಪದಂತೆ ನೋಡಬೇಕೆಂದು ಎರಡು ಸಲ ಹೇಳಿದರು.

ಪತ್ರಿಕೆ ಒಯ್ಯಲು ಆ ತಾಯಿಯೇ ಮಗಳೊಂದಿಗೆ ಬಂದರು. ಕಟ್ಟು ಬಿಚ್ಚಿ, ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದು, ಬೆರಳಿಟ್ಟು ಓದಿದರು.

"ನನ್ನ ಲಗ್ನದ ಪತ್ರಿಕಾದಾಗ ಒಮ್ಮೆ ಅಚ್ಚಾಗಿತ್ತರಿ ನನ್ನ ಹೆಸರು. ಆಮ್ಯಾಲ ಇದ ನೋಡ್ರಿ," ಎಂದರು.

ನಾನು ಅವರಿಗೆ ಕೂರಲು ಸ್ಟೂಲು ಕೊಟ್ಟು, ಪಕ್ಕದ ಇರಾನಿ ಹೋಟೆಲಿನಿಂದ ಚಹಾ ತರಿಸಿದೆ.

ಪ್ರೆಸ್ ಮುಚ್ಚಿ ಎಷ್ಟೋ ವರ್ಷಗಳಾದವು. ಈಗ ನಾನು ಮಾದಾಪುರದ ಕಚೇರಿಯೊಂದರಲ್ಲಿ ವಿನ್ಯಾಸದ ಕೆಲಸ ಮಾಡುತ್ತೇನೆ. ಆಯ್ಕೆಗೆ ನೂರಾರು ಫಾಂಟುಗಳಿವೆ. ಆ ಹಳೆಯ ಫಾಂಟಿನ ಒಂದು ಸಿ.ಡಿ. ಇಟ್ಟುಕೊಂಡಿದ್ದೆ. ಹೋದ ತಿಂಗಳು ತೆರೆದು ನೋಡಿದೆ. ಹೊಸ ಕಂಪ್ಯೂಟರಿಗೆ ಅದು ಅರ್ಥವಾಗಲಿಲ್ಲ, ಪರದೆಯ ತುಂಬ ಬರೀ ಚೌಕಗಳು ಬಂದವು.