ಕ್ಲಾಸಿಗೊಂದು ಫೋಟೋ

ಹುದಿಕೇರಿಯ ಕಾಫಿ ಎಸ್ಟೇಟಿನ ಕೂಲಿಗಳ ಲೈನ್‌ಮನೆಗಳಲ್ಲಿ ಕ್ಯಾನ್ಸರ್ ಹುಣ್ಣು ತೊಳೆದು ಕಟ್ಟುತ್ತಲೇ ನರ್ಸ್ ತುಳಸಿಗೆ ಹದಿನೆಂಟು ವರ್ಷ ಕಳೆದಿತ್ತು. ನೋವು ಶಮನದ ಉನ್ನತ ತರಬೇತಿಗೆ ಮೂರು ಸಲ ಅರ್ಜಿ ಹಾಕಿದ್ದಳು. "ಮುಂದಿನ ವರ್ಷ ನೋಡೋಣ ಸಿಸ್ಟರ್" ಎಂದ ಮೇಲಧಿಕಾರಿಗಳು ಆ ತರಬೇತಿಗೆ ಕಳಿಸಿದ್ದು ಲೈನ್‌ಮನೆಯ ಹೊಸ್ತಿಲು ತುಳಿಯದ ಡಾಕ್ಟರನ್ನು. ಆತ ಸರ್ಟಿಫಿಕೇಟ್ ಹಿಡಿದು ಬಂದವನೇ ಮೈಸೂರಿಗೆ ವರ್ಗ ಮಾಡಿಸಿಕೊಂಡು ತರಬೇತುದಾರನಾದ. ಬರೆದುಕೊಡಲು ತರಬೇತಾದ ಡಾಕ್ಟರಿಲ್ಲದೆ, ತೀವ್ರ ನೋವಿಗೆ ಕೊಡುವ ಮಾರ್ಫಿನ್ ಮಾತ್ರೆ ಆಸ್ಪತ್ರೆಯ ಬೀರುವಿನಲ್ಲೇ ಉಳಿಯಿತು.

ಎದೆಯ ಹುಣ್ಣಿನಿಂದ ನರಳುತ್ತಿದ್ದ ಲೈನ್‌ಮನೆಯ ಮುದ್ದಿಗೆ ತುಳಸಿ ಬೇರೆ ದಾರಿಯಿಲ್ಲದೆ ಜ್ವರದ ಮಾತ್ರೆ ನುಂಗಿಸುತ್ತಿದ್ದಾಗ ಆ ಡಾಕ್ಟರನ ಫೋನ್ ಬಂತು.

"ಸಿಸ್ಟರ್, ಯಾವ್ದಾದ್ರೂ ದೊಡ್ಡ ಹುಣ್ಣಿದ್ರೆ ಫೋಟೋ ಕಳ್ಸಿ. ನೋವು ಕಮ್ಮಿ ಮಾಡೋದು ಹೇಗೆ ಅಂತ ನಾಳೆ ಕ್ಲಾಸಿದೆ."

"ಫೋಟೋದಲ್ಲಿ ನೋವು ಕೇಳ್ಸಲ್ಲ ಸಾರ್," ಎಂದು ತುಳಸಿ ಫೋನನ್ನು ಮುದ್ದಿಯ ಬಾಯಿಯ ಹತ್ತಿರ ಹಿಡಿದಳು.

ಆ ನರಳಾಟವನ್ನು ಅರೆ ನಿಮಿಷವೂ ತಡೆಯಲಾರದೆ ಆತ ಫೋನ್ ಇಟ್ಟುಬಿಟ್ಟ.