ಅತ್ತೆಯರನ್ನು ಕರೆದ ಶಿವಲೀಲಾ

ನ್ಯಾಮತಿ ಕಡೆಯ ಒಂದು ಹಳ್ಳಿಯಲ್ಲಿ ಅಂಗನವಾಡಿ ನಡೆಸುವವಳು ಶಿವಲೀಲಾ. ಎಳೆಮಕ್ಕಳ ತಾಯಂದಿರಿಗೆ ಮಗು ಸಾಕುವ ಪಾಠ ಹೇಳಬೇಕೆಂದು ವರ್ಷವಿಡೀ ಅಲೆದು ಪಂಚಾಯಿತಿಯಿಂದ ದುಡ್ಡು ಮಂಜೂರು ಮಾಡಿಸಿದಳು. ಆದರೆ ಬಾಣಂತಿಯರನ್ನು ಅತ್ತೆಯರು ಹೊರಗೆ ಬಿಡಲಿಲ್ಲ. ಮೂರು ವಾರ ಚಾಪೆ ಖಾಲಿ ಬಿದ್ದಿತ್ತು.

"ಮುಂದಿನ ವಾರಾನೂ ಹಿಂಗೇ ಆದ್ರೆ ಆ ದುಡ್ಡು ಚರಂಡಿ ಕೆಲಸಕ್ಕೆ ಹಾಕ್ತೀವಿ, ಟೀಚರ್," ಎಂದ ಮೆಂಬರ್ ತಿಪ್ಪೇರುದ್ರ.

ಶಿವಲೀಲಾ ಅಳುತ್ತ ಕೂರಲಿಲ್ಲ. ಮನೆಮನೆಗೆ ಹೋಗಿ ಅತ್ತೆಯರನ್ನೇ ಕರೆದಳು. "ನೀವು ಮಕ್ಕಳನ್ನ ಹೆಂಗೆ ಸಾಕಿದ್ರಿ, ಹೇಳಾಕೆ ಬರ್ರಿ. ಸೊಸೇರು ಕೇಳ್ಲಿ." ಹೇಳುವುದೆಂದರೆ ಯಾವ ಅತ್ತೆ ಬಿಟ್ಟಾಳು? ಸೊಸೆಯರನ್ನು ಕರೆದುಕೊಂಡೇ ಬಂದರು.

ಪಾಠ ನಿಲ್ಲಿಸಲು ಬಂದ ತಿಪ್ಪೇರುದ್ರನಿಗೆ ಬಾಗಿಲಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಳಗಿಂದ ಅವನ ತಾಯಿ ಅಂಜಮ್ಮ ಕೂಗಿದಳು: "ಬಾರೋ, ನಿನ್ನ ಕೂಸು ಎತ್ಕೊ. ಅಪ್ಪಂದ್ರಿಗೂ ಪಾಠ ಐತಂತೆ!"