ಅಕ್ಕನ ಎರಡು ರಿಂಗು

ಆ ದಿನ ಬೆಳಿಗ್ಗೆ ಏಳು ಗಂಟೆಗೆ ನಮ್ಮ ಮನೆಯ ಫೋನು ಎಷ್ಟು ಸಲ ಬಡಿದುಕೊಂಡಿತು ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಆ ಕ್ಷಣದಲ್ಲಿ ಒಂದೇ ಸಲ ಎನ್ನಿಸಿತು. ಬಸ್ಸಿನಲ್ಲಿ ಕೂತಾಗ ಎರಡಿದ್ದರೂ ಇರಬಹುದು ಎನ್ನಿಸಿತು. ನಾಗಮಂಗಲದಲ್ಲಿ ಅಕ್ಕನ ಎದುರು ನಿಂತು ಮಾತ್ರ ಒಂದೇ, ಒಂದೇ ಒಂದು ಎಂದು ಗಟ್ಟಿಸಿ ವಾದಿಸಿದೆ. ವಾದ ಮಾಡುವಾಗ ನನ್ನ ನೆನಪು ಬಹಳ ಗಟ್ಟಿಯಾಗಿರುತ್ತದೆ. ಎದುರಿನವರು ಸುಮ್ಮನಾದ ಮೇಲೆ ಅದು ಮೆಲ್ಲಗೆ ಸಡಿಲವಾಗುತ್ತದೆ.

ನಾನು ಮೈಸೂರಿನಲ್ಲಿ ಇತಿಹಾಸದ ಎಂ.ಎ. ಓದಿ, ಪಾಂಡವಪುರದಲ್ಲೂ ಶ್ರೀರಂಗಪಟ್ಟಣದಲ್ಲೂ ಕಾಲೇಜು ಮಕ್ಕಳಿಗೆ ಪಾಠ ಹೇಳಿ, ಈಗ ಕೆ.ಆರ್. ಪೇಟೆಯಲ್ಲಿ, ಹೊಸಹೊಳಲಿಗೆ ಹೋಗುವ ರಸ್ತೆಯ ಬದಿಯ ನಮ್ಮ ಹಳೆಯ ಮನೆಯಲ್ಲಿ ನೆಲೆಸಿರುವವನು. ವಿಶ್ವವಿದ್ಯಾನಿಲಯ ನನಗೆ ಕಲಿಸಿದ್ದು ಮುಖ್ಯವಾಗಿ ಒಂದೇ ವಿದ್ಯೆ: ಯಾರು ಏನು ಹೇಳಿದರೂ ‘ಆಧಾರ ಏನು?’ ಎಂದು ಕೇಳುವುದು. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಸುಮಿತ್ರ ಸಾರಿಗೆ ಉಪ್ಪು ಹಾಕಿದ್ದೇನೆ ಎಂದರೂ ಆಧಾರ ಕೇಳುತ್ತಿದ್ದೆನಂತೆ. ಈ ಆರೋಪಕ್ಕೆ ಆಕೆಯ ಮಾತಲ್ಲದೆ ಬೇರೆ ಆಧಾರವಿಲ್ಲ.

ಊರಿನವರ ನೆನಪನ್ನೆಲ್ಲ ಅನುಮಾನಿಸುತ್ತ ಬಂದವನಿಗೆ ಒಂದು ದಿನ ತನ್ನ ನೆನಪಿನ ಮೇಲೂ ಅನುಮಾನ ಹುಟ್ಟದೆ ಇರುವುದಿಲ್ಲ. ನನಗೆ ಅದು ಹುಟ್ಟಿದ್ದು ಗೋವಿಂದನಹಳ್ಳಿಯ ಪಂಚಲಿಂಗೇಶ್ವರ ಗುಡಿಯ ದೆಸೆಯಿಂದ. ಆ ಗುಡಿಯನ್ನು ನೋಡಿ ಬಂದು, ಸಾಲಾಗಿ ನಾಲ್ಕು ಗರ್ಭಗುಡಿಗಳಿವೆ, ಸ್ವತಃ ಎಣಿಸಿದ್ದೇನೆ ಎಂದು ವರ್ಷವಿಡೀ ಪಾಠ ಮಾಡಿದೆ. ವರ್ಷದ ಕೊನೆಯಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಸಾರ್, ಪಂಚ ಅಂದ್ರೆ ಐದಲ್ವಾ?” ಎಂದಳು. ಮರುದಿನವೇ ಹೋಗಿ ನೋಡಿದೆ. ಐದಿದ್ದವು. ಎಣಿಕೆಯ ವಿಷಯದಲ್ಲಿ ನನ್ನ ಯೋಗ್ಯತೆ ಇಷ್ಟು ಎಂಬುದನ್ನು ನೀವು ಮೊದಲೇ ತಿಳಿದಿರಲಿ ಎಂದು ಇದನ್ನು ಹೇಳಿದೆ.

ಇನ್ನು ಫೋನಿನ ವಿಷಯ. ನಮ್ಮ ಮನೆಗೆ ಆ ಕೆಂಪು ಫೋನು ಬಂದಾಗ ಅಕ್ಕ ನಾಗಮಂಗಲದ ಸೊಸೆಯಾಗಿ ಆಗಲೇ ಕೆಲವು ವರ್ಷಗಳಾಗಿದ್ದವು. ಅವಳು ತವರಿಗೆ ಬಂದು ಹಿಂತಿರುಗಿದ ಮೇಲೆ ಅಲ್ಲಿನ ಅಂಗಡಿಯ ಫೋನಿನಿಂದ ನಮಗೆ ಎರಡು ರಿಂಗು ಕೊಟ್ಟು ಇಟ್ಟುಬಿಡಬೇಕು. ನಾವು ಎತ್ತಬಾರದು. ಎರಡು ರಿಂಗೆಂದರೆ ಸುಖವಾಗಿ ಸೇರಿದೆ ಎಂದರ್ಥ. ಆ ಕಾಲದಲ್ಲಿ ನಮ್ಮ ಕಡೆಯ ಮನೆಮನೆಯಲ್ಲೂ ಇಂಥದೊಂದು ಒಪ್ಪಂದ ಇದ್ದೇ ಇತ್ತು. ಫೋನು ಎತ್ತದೆಯೇ ಮಾತಾಡುವ ಈ ಕಲೆಯನ್ನು ಕಂಡುಹಿಡಿದವರು ಯಾರೋ ತಿಳಿಯದು. ಅವರು ನನ್ನ ಪಾಲಿಗೆ ಫೋನು ಕಂಡುಹಿಡಿದವನಿಗಿಂತ ಒಂದು ಕೈ ಮೇಲು.

ಮೂರು ವರ್ಷಗಳ ಹಿಂದೆ ಅಕ್ಕನ ಎದೆಗೆ ಮೈಸೂರಿನಲ್ಲಿ ಸ್ಟೆಂಟ್ ಹಾಕಿದರು. ಮನೆಗೆ ಬಂದ ಮೇಲೆ, ದಿನಾ ಬೆಳಿಗ್ಗೆ ಒಂದು ಫೋನು ಮಾಡು ಎಂದು ನಾನು ಅವಳ ಬೆನ್ನುಹತ್ತಿದೆ. ಅಕ್ಕ ಒಪ್ಪಲಿಲ್ಲ.

“ದಿನಾ ಏನ್ಲಾ ಮಾತಾಡದು? ಬದುಕಿವ್ನಿ ಅಂತ ಗೊತ್ತಾದ್ರೆ ಸಾಲ್ದಾ? ಏಳು ಗಂಟ್ಗೆ ಎಲ್ಡು ರಿಂಗ್ ಕೊಟ್ಟು ಮಡಗ್ತೀನಿ. ಚೆಂದಾಗಿವ್ನಿ ಅಂತ ತಿಳ್ಕೊ. ಒಂದೇ ರಿಂಗ್ ಬಂದ್ರೆ ಎದ್ದು ಬಾ.”

ಹೀಗೆ ಹಳೆಯ ಒಪ್ಪಂದ ಹೊಸ ಕೆಲಸಕ್ಕೆ ಬಂತು. ನನ್ನ ಮೊಬೈಲು ಸದಾ ಎಲ್ಲೋ ಇರುತ್ತದೆ, ನಾನು ಇನ್ನೆಲ್ಲೋ ಇರುತ್ತೇನೆ. ಅಕ್ಕನಿಗೆ ಬಾಯಿಪಾಠ ಇರುವುದೂ ಮನೆಯ ನಂಬರೊಂದೇ. ಆದ್ದರಿಂದ ಬೀದಿಯವರೆಲ್ಲ ತಂತಿ ಫೋನನ್ನು ಕೀಳಿಸಿದರೂ ನಾವು ಉಳಿಸಿಕೊಂಡಿದ್ದೆವು. ದಿನಾ ಏಳಕ್ಕೆ ಟ್ರಿಣ್ ಟ್ರಿಣ್, ಆಮೇಲೆ ಮೌನ. ಆ ಮೌನದಲ್ಲಿ ನನ್ನ ಕಾಫಿ.

ಕಳೆದ ಮಳೆಗಾಲದಲ್ಲಿ ಆ ತಂತಿಗೆ ಕಾಯಿಲೆ ಹಿಡಿಯಿತು. ಮಳೆ ಬಂದರೆ ಸತ್ತುಹೋಗುವುದು, ಬಿಸಿಲು ಬಂದರೆ ಎದ್ದು ಕೂರುವುದು. ಲೈನು ನೋಡುವ ಸಿದ್ದರಾಜು ನಾಲ್ಕು ಸಲ ಕಂಬ ಹತ್ತಿ ಇಳಿದು, ಐದನೆಯ ಸಲ ಹತ್ತದೆ ಜಗಲಿಯ ಮೇಲೆ ಕೂತ.

“ತಾಮ್ರದ ಕಾಲ ಮುಗೀತು ಮೇಷ್ಟ್ರೇ. ಫೈಬರ್ ಆಕುಸ್ಬುಡಿ. ಫೋನು ಇಂಟರ್ನೆಟ್ ಮ್ಯಾಲೇ ಓಡ್ತದೆ.”

“ನಂಬರು?”

“ಅದೇ ಇರ್ತದೆ.”

“ಆಧಾರ ಏನು?”

“ಆಧಾರ್ ಕಾರ್ಡ್ ಜೆರಾಕ್ಸ್ ಒಂದ್ ಕೊಡಿ, ಸಾಕು,” ಎಂದ. ಅವನಿಗೆ ನನ್ನ ವಿದ್ಯೆಯ ಪರಿಚಯವಿರಲಿಲ್ಲ.

ತಾಮ್ರದ ಕಾಲ ಮುಗಿಯಿತು ಎನ್ನುವ ಮಾತು ಇತಿಹಾಸದ ಮೇಷ್ಟರನ್ನು ಚುಚ್ಚದೆ ಬಿಡುತ್ತದೆಯೇ? ರಾಜರು ಊರನ್ನೇ ದಾನ ಕೊಡುವಾಗ ತಾಮ್ರದ ಪಟದ ಮೇಲೆ ಕೊರೆಸುತ್ತಿದ್ದರು, ಕೆಡದೆ ಉಳಿಯಲಿ ಎಂದು. ಸಾವಿರ ವರ್ಷ ಮಣ್ಣಿನಲ್ಲಿದ್ದು ಎದ್ದ ತಾಮ್ರಶಾಸನವನ್ನು ಉಜ್ಜಿದರೆ ಅಕ್ಷರ ಹಾಗೇ ಇರುತ್ತದೆ. ನಮ್ಮ ಬೀದಿಯ ತಾಮ್ರ ಮೂವತ್ತು ವರ್ಷವೂ ಬಾಳಲಿಲ್ಲ. ಅದರ ಜಾಗದಲ್ಲಿ ಸಿದ್ದರಾಜು ಎಳೆದು ತಂದದ್ದು ಕೂದಲಿನಷ್ಟು ಸಣ್ಣ ಗಾಜಿನ ಎಳೆ. ಅದರೊಳಗೆ ಬೆಳಕು ಓಡುತ್ತದಂತೆ, ಬೆಳಕಿನ ಮೇಲೆ ಅಕ್ಕನ ರಿಂಗು ಕೂತು ಬರುತ್ತದಂತೆ. ಗೋಡೆಗೆ ಒಂದು ಬಿಳಿ ಡಬ್ಬಿ ಹೊಡೆದ. ಹಸಿರು ದೀಪಗಳು ಮಿಣುಕಿದವು. ನಮ್ಮ ಹಳೆಯ ಕೆಂಪು ಫೋನನ್ನೇ ಅದಕ್ಕೆ ಸಿಕ್ಕಿಸಿ, ತನ್ನ ಮೊಬೈಲಿನಿಂದ ನಮ್ಮ ನಂಬರು ಒತ್ತಿದ. ಫೋನು ಬಡಿದುಕೊಂಡಿತು. ನಂಬರು ಅದೇ, ಫೋನು ಅದೇ, ಸದ್ದೂ ಅದೇ. ನಾನು ಮೊಟ್ಟಮೊದಲ ಬಾರಿಗೆ ಮತ್ತೇನೂ ಕೇಳದೆ ಒಪ್ಪಿಕೊಂಡೆ.

ಮರುದಿನ ಬೆಳಿಗ್ಗೆ ಏಳಕ್ಕೆ ಟ್ರಿಣ್ ಎಂದಿತು. ನಾನು ಎರಡನೆಯದಕ್ಕೆ ಕಾದೆ. ಬರಲಿಲ್ಲ.

ಕಾಫಿ ಲೋಟ ಕೈಯಲ್ಲೇ ಉಳಿಯಿತು. ಸುಮಿತ್ರ ಅಡುಗೆಮನೆಯಿಂದ ಇಣುಕಿದಳು. “ಎಷ್ಟಾಯ್ತು?” ಎಂದೆ. “ನಾನು ಮಿಕ್ಸಿ ಹಾಕಿದ್ದೆ ಕಣ್ರೀ,” ಎಂದಳು. ಅಕ್ಕನ ಮೊಬೈಲಿಗೆ ಮಾಡಿದೆ. ಬಡಿದು ಬಡಿದು ನಿಂತಿತು. ಮತ್ತೆ ಮಾಡಿದೆ, ಎತ್ತಲಿಲ್ಲ. ಭಾವನಿಗೆ ಮಾಡಿದೆ. ಅವರದು ಸ್ವಿಚ್ ಆಫ್. ಸುಮಿತ್ರ ನನ್ನ ಅಂಗಿಯನ್ನು ತಂದು ಕೈಗಿಟ್ಟು, “ಯೋಚನೆ ಮಾಡ್ತಾ ನಿಲ್ಲಬೇಡಿ, ಹೊರಡಿ,” ಎಂದಳು. ಶೀಳನೆರೆಯ ಮನೆತನದ ಹೆಣ್ಣುಮಗಳು. ಆಧಾರ ಕೇಳುತ್ತ ಕೂರುವ ಪೈಕಿಯಲ್ಲ.

ನಾಗಮಂಗಲದ ಬಸ್ಸು ಆ ದಿನ ಎಲ್ಲ ಊರಿನಲ್ಲೂ ನಿಂತಿತು, ಊರಿಲ್ಲದ ಕಡೆಯೂ ನಿಂತಿತು. ನನ್ನ ತಲೆಯೊಳಗೆ ವಿಚಾರಣೆ ಶುರುವಾಯಿತು. ಕೇಳಿದ್ದು ಒಂದೇ ಹೌದೇ? ಮೊದಲನೆಯದು ಬಡಿದಾಗ ನಾನು ಹಿತ್ತಿಲ ಬಾಗಿಲಲ್ಲಿದ್ದು, ಎರಡನೆಯದನ್ನೇ ಮೊದಲನೆಯದು ಎಂದುಕೊಂಡೆನೇ? ಅದಕ್ಕಿಂತ ಕೆಟ್ಟ ಅನುಮಾನ ಸ್ವಲ್ಪ ಹೊತ್ತಿನಲ್ಲೇ ಬಂತು: ಒಂದು ಎಂದರೆ ಬಾ, ಎರಡು ಎಂದರೆ ಕ್ಷೇಮ ಎಂಬುದು ಸರಿಯೇ, ಅಥವಾ ತಿರುಗುಮುರುಗೇ? ಹಾಗಿದ್ದರೆ ಮೂರು ವರ್ಷ ದಿನಾ ಅಕ್ಕ ನನ್ನನ್ನು ಕರೆಯುತ್ತಿದ್ದಳೇ? ನಾನು ಕಾಫಿ ಕುಡಿಯುತ್ತ ಕೂತಿದ್ದೆನೇ? ಶಾಸನಗಳಲ್ಲಾದರೆ ದಾನ ಯಾರು ಕೊಟ್ಟರು, ಎಲ್ಲೆ ಯಾವುದು, ಸಾಕ್ಷಿ ಯಾರು ಎಂದು ಎಲ್ಲ ಇರುತ್ತದೆ. ನಮ್ಮ ಒಪ್ಪಂದಕ್ಕೆ ಒಂದು ಚೀಟಿಯೂ ಇರಲಿಲ್ಲ. ಜಗತ್ತಿನ ಲಿಖಿತ ಆಧಾರಗಳನ್ನೆಲ್ಲ ಪರಿಶೀಲಿಸಿದವನು ಒಡಹುಟ್ಟಿದವಳ ಜೀವವನ್ನು ಬಾಯಿಮಾತಿನ ಮೇಲೆ ಬಿಟ್ಟಿದ್ದೆ.

ಅಕ್ಕನ ಮನೆಯ ಬಾಗಿಲು ತೆರೆದಿತ್ತು. ಜಗಲಿಯಲ್ಲಿ ಯಾರ ಚಪ್ಪಲಿಯೂ ಇರಲಿಲ್ಲ. ಜನ ಸೇರಿಲ್ಲ ಎಂಬುದು ಸಮಾಧಾನವೋ, ಯಾರಿಗೂ ಇನ್ನೂ ತಿಳಿದಿಲ್ಲವೋ ಎಂದು ತರ್ಕಿಸುವಷ್ಟರಲ್ಲಿ ನಾನು ಹಿತ್ತಿಲಿಗೆ ತಲುಪಿದ್ದೆ. ಅಕ್ಕ ಮೊಬೈಲನ್ನು ಒಳಗೇ ಬಿಟ್ಟು, ಬಿಸಿಲಿನಲ್ಲಿ ಕಾಲು ಚಾಚಿ ಕೂತು, ನೆನೆಸಿದ ಅವರೆಕಾಳನ್ನು ಹಿತುಕುತ್ತಿದ್ದಳು. ಬೇಳೆ ಪುಳಕ್ಕನೆ ಹಾರಿ ಪಾತ್ರೆಗೆ ಬೀಳುತ್ತಿತ್ತು.

“ಯಾಕ್ಲಾ? ಇಸ್ಟೊತ್ಗೇ ಬಂದ್ಬುಟ್ಟೆ? ಸುಮಿತ್ರ ಮನೇಲಿ ತಿಂಡಿ ಕೊಡ್ಲಿಲ್ವಾ?”

ನನ್ನ ಬಾಯಿಂದ ಹೊರಟ ಮಾತು ಪ್ರೀತಿಯದಾಗಿರಲಿಲ್ಲ. “ಒಂದೇ ರಿಂಗ್ ಕೊಟ್ಟೆಯಲ್ಲ ಅಕ್ಕ!”

“ಎಲ್ಡು ಕೊಟ್ಟೆ ಕಣ್ಲಾ.”

“ಒಂದೇ ಬಂತು.”

“ಕಿವಿಗಿಟ್ಕೊಂಡು ಎಲ್ಡು ಕೇಳ್ದ ಮ್ಯಾಲೇ ಮಡಗಿದ್ದು. ಎಲ್ಡು ಎಣ್ಸಕ್ಕೂ ಬರಾಕಿಲ್ವಾ ನಂಗೆ? ನಾನೇನು ಎಂಯೇ ಓದಿವ್ನಾ, ತಪ್ ಎಣ್ಸಕ್ಕೆ?”

ಗೋವಿಂದನಹಳ್ಳಿಯ ಕಥೆ ಅವಳಿಗೆ ಗೊತ್ತಿತ್ತು. ಅಷ್ಟರಲ್ಲಿ ಭಾವ ಡೇರಿಗೆ ಹಾಲು ಹಾಕಿ ಕ್ಯಾನು ಹಿಡಿದು ಬಂದರು. ವಿಷಯ ಕೇಳಿ, “ಬೇಜಾರ್ ಮಾಡ್ಕೋಬೇಡಿ ಮೇಷ್ಟ್ರೇ, ಅವ್ಳಿಗೂ ಈಚೆಗೆ ಮರ್ವು,” ಎಂದರು. ನನ್ನ ಪಕ್ಷ ವಹಿಸಿ ಅವರು ಮಾಡಿದ ಈ ಉಪಕಾರದಿಂದ ಎಲ್ಲ ಕೆಟ್ಟಿತು. ನಾನೂ ಸುಮ್ಮನಿರಲಿಲ್ಲ. ಮರೆವು ಯಾರಿಗಾದರೂ ಬರುತ್ತದೆ, ನೆನಪೆಂಬುದು ಪ್ರತಿ ಸಲವೂ ಹೊಸದಾಗಿ ಬರೆದುಕೊಳ್ಳುವ ಬರಹ ಎಂದು ಒಂದು ಸಣ್ಣ ಉಪನ್ಯಾಸವನ್ನೇ ಕೊಟ್ಟೆ. ಅಕ್ಕ ಕೈ ನಿಲ್ಲಿಸದೆ ಕೇಳಿದಳು.

“ಓಗ್ಲಿ ಬುಡು. ನಂಗೆ ಎಣ್ಸಕ್ಕೆ ಬರಲ್ಲ ಅಂದ್ಮ್ಯಾಲೆ ಇನ್ನು ರಿಂಗ್ ಕೊಡಾಕಿಲ್ಲ. ಕೈ ತೊಳ್ಕೊ, ಉಣ್ಣು.”

ಹಿತುಕಿದ ಬೇಳೆಯ ಸಾರು, ಮುದ್ದೆ. ಬಡಿಸುವಾಗ ಮುಖ ಆ ಕಡೆ ತಿರುಗಿಸಿದ್ದಳು. ಮುದ್ದೆಯನ್ನು ಮಾತ್ರ ಎಂದಿಗಿಂತ ದೊಡ್ಡದಾಗಿ ಕಟ್ಟಿದ್ದಳು.

ಮರುದಿನ ಏಳು ಗಂಟೆಗೆ ಫೋನು ಬಡಿಯಲಿಲ್ಲ. ಅದರ ಮರುದಿನವೂ ಇಲ್ಲ. ಬಿಳಿ ಡಬ್ಬಿಯ ಹಸಿರು ದೀಪಗಳು ಎಲ್ಲ ಸರಿಯಾಗಿದೆ ಎಂದು ಮಿಣುಕುತ್ತಿದ್ದವು. ಭಾವನಿಗೆ ಫೋನು ಮಾಡಿ ಕೇಳಿದರೆ, “ಚೆಂದಾಗವ್ಳೆ, ಮುನುಸ್ಕೊಂಡವ್ಳೆ,” ಎನ್ನುತ್ತಿದ್ದರು. ಸುದ್ದಿ ಸಿಗುತ್ತಿತ್ತು; ಅಕ್ಕ ಸಿಗುತ್ತಿರಲಿಲ್ಲ. ಮೂರನೆಯ ಬೆಳಿಗ್ಗೆ ನನಗೊಂದು ವಿಷಯ ಹೊಳೆಯಿತು. ಮೂರು ವರ್ಷದಿಂದ ನಾನು ಆ ರಿಂಗನ್ನು ಅವಳ ಆರೋಗ್ಯದ ವರದಿ ಎಂದುಕೊಂಡಿದ್ದೆ. ಅದು ಬರೀ ವರದಿಯಾಗಿದ್ದರೆ ಭಾವನ ಮಾತು ಸಾಕಾಗಬೇಕಿತ್ತು. ಸಾಕಾಗಲಿಲ್ಲ. ದಿನದ ಮೊದಲ ಕೆಲಸವಾಗಿ ಒಬ್ಬಳು ನನ್ನನ್ನು ನೆನೆಸಿಕೊಳ್ಳುತ್ತಿದ್ದಳು, ಅದು ನಿಂತುಹೋಗಿತ್ತು.

ಕೆಂಪು ಫೋನನ್ನೇ ಎತ್ತಿ ಅವಳ ನಂಬರು ಒತ್ತಿದೆ. ಈ ಸಲ ಎತ್ತಿದಳು.

“ನೀನು ಎರಡೇ ಕೊಟ್ಟಿದ್ದೆ ಕಣಕ್ಕ. ತಪ್ಪು ನಂದು,” ಎಂದೆ. ಯಾವ ಆಧಾರವೂ ಇಲ್ಲದೆ ನಾನು ಒಪ್ಪಿಕೊಂಡ ಮಾತುಗಳು ಬದುಕಿನಲ್ಲಿ ಹೆಚ್ಚಿಲ್ಲ. ಇದು ಅವುಗಳಲ್ಲಿ ಒಂದು.

“ನಿಜ್ವಾಗ್ಲೂ ನಂಬ್ತಿಯೋ, ಸುಮಿತ್ರ ಯೇಳ್ಕೊಟ್ಟವ್ಳೋ?”

“ನಂಬ್ತೀನಿ.”

“ಅಂಗಾರೆ ಕೇಳ್ಲಾ ಇಲ್ಲಿ. ಒಂದು ಎಲ್ಡು ಅಂತ ಎಣ್ಸ ರಗಳೇನೇ ಬ್ಯಾಡ. ಬಡ್ಕೊಂಡು ನಿಂತೋದ್ರೆ ಚೆಂದಾಗಿವ್ನಿ ಅಂತ. ನಿಲ್ದೇ ಬಡ್ಕೋತಾನೇ ಇದ್ರೆ ಎತ್ತು. ನಿನ್ ಓದಿಗೆ ಇಸ್ಟು ಆಯ್ತದಾ?”

ಆಗುತ್ತದೆ ಎಂದೆ. ಎಣಿಕೆಯೇ ಬೇಡದ ಸಂಕೇತ! ಇಷ್ಟು ಸರಳವಾದ ಉಪಾಯ ನನಗೆ ಏಕೆ ಹೊಳೆಯಲಿಲ್ಲ ಎಂದು ಕೇಳಬೇಡಿ. ನನ್ನ ತರಬೇತಿಯೆಲ್ಲ ಪ್ರಶ್ನೆ ಹಾಕುವುದರಲ್ಲಿ ಆಗಿದೆ.

ಈ ಸಲ ಬಾಯಿಮಾತಿಗೆ ಬಿಡಲಿಲ್ಲ. ಫೋನಿನ ಮೇಲಿನ ಗೋಡೆಗೆ ಪೆನ್ಸಿಲಿನಲ್ಲಿ ಒಪ್ಪಂದವನ್ನು ಬರೆದೆ. ಶಾಸನದಲ್ಲಿ ಇರುವ ಹಾಗೆ ನೆತ್ತಿಯಲ್ಲಿ ಒಂದು ಸೂರ್ಯ, ಒಂದು ಚಂದ್ರ. ಕೆಳಗೆ, ಸಾಕ್ಷಿ: ಸುಮಿತ್ರ. ಸಾಕ್ಷಿದಾರಳು ಬಂದು ನೋಡಿ, “ಮೊನ್ನೆ ಮೊನ್ನೆ ಸುಣ್ಣ ಬಳಿಸಿದ ಗೋಡೆ ಕಣ್ರೀ,” ಎಂದಳು. ಆದರೆ ಅಳಿಸಲಿಲ್ಲ. ಮರುದಿನ ಏಳಕ್ಕೆ ಫೋನು ಬಡಿದುಕೊಂಡು ನಿಂತಿತು. ಕಾಫಿ ಆ ದಿನ ಬಿಸಿಯಾಗಿಯೇ ಗಂಟಲಿಗಿಳಿಯಿತು.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ನಂಬಿದ್ದನ್ನೂ ಒಮ್ಮೆ ಪರೀಕ್ಷಿಸದೆ ನನಗೆ ತಿಂದ ಅನ್ನ ಜೀರ್ಣವಾಗುವುದಿಲ್ಲ. ಹಳೆಯ ತಾಮ್ರದ ಲೈನಿನಲ್ಲಿ ಅಲ್ಲಿ ಕೇಳಿದಷ್ಟೇ ಇಲ್ಲಿ ಬಡಿಯುತ್ತಿತ್ತೇ ಎಂದು ನೋಡಲು ಈಗ ದಾರಿಯಿಲ್ಲ, ಸಿದ್ದರಾಜು ಅದನ್ನು ಸುತ್ತಿಕೊಂಡು ಹೋಗಿಯಾಗಿದೆ. ಹೊಸದನ್ನು ನೋಡಬಹುದಲ್ಲ? ಸುಮಿತ್ರ ಹೊಸಹೊಳಲಿನ ಗುಡಿಗೆ ಹೋಗಿದ್ದ ಒಂದು ಸಂಜೆ, ನನ್ನ ಮೊಬೈಲನ್ನು ಹುಡುಕಿ ತೆಗೆದು, ಕೆಂಪು ಫೋನಿನ ಎದುರು ಕುರ್ಚಿ ಹಾಕಿ ಕೂತು, ನಮ್ಮದೇ ಮನೆಯ ನಂಬರು ಒತ್ತಿದೆ. ಮೊಬೈಲಿನೊಳಗೆ ಎರಡು ರಿಂಗು ಕೇಳಿದ ಕೂಡಲೇ ಕಟ್ ಮಾಡುವುದು, ಇಲ್ಲಿ ಎಷ್ಟು ಬಡಿಯಿತು ಎಂದು ಗೀಟು ಹಾಕಿಕೊಳ್ಳುವುದು. ಹತ್ತು ಸಲ ಮಾಡಿದೆ. ಗೀಟುಗಳನ್ನು ಎರಡು ಬಾರಿ ಎಣಿಸಿದೆ. ಹತ್ತು ಸಲವೂ ಕಿವಿಗೆ ಕೇಳಿದ್ದು ಎರಡು, ಎದುರಿನ ಫೋನು ಬಡಿದದ್ದು ಒಂದು.